ಕೊಪ್ಪರಿಗೆ, ನೀರು, ಹೊತ್ತು: ವಾಂತಿಭೇದಿಯ ಒಂದು ಚರಿತ್ರೆ

1884 ಗುಬ್ಬಿಯ ಮಟ್ಟಿಗೆ ನೆನಪಿಡಬೇಕಾದ ವರ್ಷ. ಬೆಂಗಳೂರಿನಿಂದ ತುಮಕೂರಿಗೆ ಬಂದ ರೈಲುಹಳಿ ಆ ವರ್ಷ ಗುಬ್ಬಿಯನ್ನು ಮುಟ್ಟಿತು. ಊರದೈವ ಚನ್ನಬಸವೇಶ್ವರನ ಹೆಸರಿನ ನಾಟಕ ಮಂಡಳಿಯೊಂದು ಅದೇ ವರ್ಷ ಹುಟ್ಟಿತು. ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದು ಗುಬ್ಬಿ ಕಂಪನಿ ಎಂದು ನಾಡಿನ ಮನೆಮಾತಾದದ್ದು ಇದೇ ಮಂಡಳಿ. ಮೂರನೆಯ ಸಂಗತಿ ನಡೆದದ್ದು ದೂರದ ಕಲ್ಕತ್ತೆಯಲ್ಲಿ. ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಅಲ್ಲಿನ ಕಾಲರಾ ರೋಗಿಗಳ ಕರುಳಿನಲ್ಲಿಯೂ ಕೆರೆಯ ನೀರಿನಲ್ಲಿಯೂ ಅಲ್ಪವಿರಾಮದಂತೆ ಬಾಗಿದ ಒಂದು ಜೀವಾಣುವನ್ನು ಕಂಡು, ಆ ವರ್ಷದ ಫೆಬ್ರವರಿಯಲ್ಲಿ ತನ್ನ ಸರ್ಕಾರಕ್ಕೆ ವರದಿ ಕಳಿಸಿದ.

ಈ ಮೂರೂ ಸಂಗತಿಗಳು ಒಂದಕ್ಕೊಂದು ಸಂಬಂಧವಿಲ್ಲದವು. ಆದರೂ ಜೊತೆಗಿಟ್ಟು ನೋಡಿದರೆ ಒಂದು ಕಥೆ ಕಾಣುತ್ತದೆ. ರೈಲು ಜನರನ್ನು ಜಾತ್ರೆಗೆ ತಂದಿತು, ನಾಟಕ ಅವರನ್ನು ರಾತ್ರಿಯಿಡೀ ಊರಿನಲ್ಲಿ ಉಳಿಸಿತು. ಉಳಿದವರು ಉಣ್ಣಬೇಕು, ನೀರು ಕುಡಿಯಬೇಕು. ಸಾವಿರ ಜನ ಒಂದೇ ಕೊಪ್ಪರಿಗೆಯ ಅನ್ನ ಉಂಡು ಒಂದೇ ಬಾವಿಯ ನೀರು ಕುಡಿಯುವಾಗ ಏನಾಗಬಹುದು ಎಂಬುದನ್ನು ಹೇಳಬಲ್ಲ ಉತ್ತರ ಕಲ್ಕತ್ತೆಯ ಸೂಕ್ಷ್ಮದರ್ಶಕದ ಕೆಳಗೆ ಸಿಕ್ಕಿತ್ತು. ಆ ಉತ್ತರ ನಮ್ಮ ಊರುಗಳನ್ನು ತಲುಪಲು ಎಷ್ಟು ಕಾಲ ಹಿಡಿಯಿತು, ಪೂರ್ತಿಯಾಗಿ ತಲುಪಿದೆಯೇ ಎಂಬುದೇ ಈ ಬರಹದ ವಿಷಯ.

ತುಮಕೂರು ಸೀಮೆ ಅನ್ನದಾನದ ಸೀಮೆ. ಕ್ಯಾತ್ಸಂದ್ರದ ಬಳಿಯ ಸಿದ್ಧಗಂಗಾ ಮಠದ ದಾಸೋಹ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ದಾಸೋಹ, ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆ ಇವೆಲ್ಲ ಇಲ್ಲಿನವರ ಬದುಕಿನ ಭಾಗ. ಬಂದವರು ಯಾರೆಂದು ಕೇಳದೆ ಎಲೆ ಹಾಕುವುದು ಇಲ್ಲಿಯ ಹೆಮ್ಮೆ. ಹಾಗಾಗಿಯೇ ಬಡಿಸಿದ ಅನ್ನ ಕಾಯಿಲೆ ತಂದಾಗ ಕೆಡುವುದು ಹೊಟ್ಟೆ ಮಾತ್ರವಲ್ಲ, ನಂಬಿಕೆಯೂ ಕೆಡುತ್ತದೆ. ಜನ ಮೊದಲು ಕೇಳುವ ಪ್ರಶ್ನೆ ‘ಯಾರು ಮಾಡಿದರು?’ ಎಂಬುದು. ಈ ಪ್ರಶ್ನೆಗೆ ಬೇರೆ ಬೇರೆ ಕಾಲ ಬೇರೆ ಬೇರೆ ಉತ್ತರ ಕೊಟ್ಟಿದೆ.

ಹಳೆಯ ಉತ್ತರ ಮಾರಿ. ವಾಂತಿಭೇದಿ ಹೊಕ್ಕ ಊರಿಗೆ ಮಾರಿ ಬಂದಿದ್ದಾಳೆ ಎನ್ನುತ್ತಿದ್ದರು. ಅವಳಿಗೆ ಹಬ್ಬ ಮಾಡಿ, ಪೂಜಿಸಿ, ಊರ ಗಡಿ ದಾಟಿಸಿ ಬರುತ್ತಿದ್ದರು. ಮುಂದಿನ ಊರಿನವರು ತಮ್ಮ ಗಡಿಯಿಂದ ಆಚೆಗೆ ದಾಟಿಸುತ್ತಿದ್ದರು. ಬಯಲುಸೀಮೆಯ ಹಲವು ಕಡೆ ಹೊರಬೀಡು ಎಂಬ ಆಚರಣೆಯಿದೆ. ಊರಿಗೆ ಊರೇ ಮನೆಗಳಿಗೆ ಬಾಗಿಲೆಳೆದು, ದನಕರುಗಳ ಸಮೇತ ಹೊರಗೆ ಹೋಗಿ, ಬಯಲಿನಲ್ಲಿ ಒಲೆ ಹೂಡಿ ಅಡುಗೆ ಮಾಡಿ ಉಂಡು ಸಂಜೆಗೆ ಹಿಂತಿರುಗುವ ಪದ್ಧತಿ. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಾಯಿಲೆ ಊರಿಂದೂರಿಗೆ ದಾಟುತ್ತದೆ, ಅದಕ್ಕೂ ಊರಿನ ನೆಲೆಗೂ ನಂಟಿದೆ ಎಂಬ ತಿಳಿವಳಿಕೆ ಈ ಆಚರಣೆಗಳಲ್ಲಿ ಅಡಗಿದೆ. ಅವರ ಕಣ್ಣಿಗೆ ಬೀಳದೆ ಉಳಿದದ್ದು ಬಾವಿ.

ಬಾವಿ ಎಷ್ಟು ಕ್ರೂರವಾಗಬಲ್ಲದು ಎಂಬುದು 1876–78ರ ಬರದಲ್ಲಿ ಗೊತ್ತಾಯಿತು. ನಮ್ಮ ಹಿರಿಯರ ಬಾಯಲ್ಲಿ ಅದು ಧಾತು, ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ಬಳಿಕ, 1881ರಲ್ಲಿ, ಅದು 41,86,188ಕ್ಕೆ ಇಳಿದಿತ್ತು. ಸತ್ತವರೆಲ್ಲ ಹಸಿವೊಂದರಿಂದಲೇ ಸಾಯಲಿಲ್ಲ. ಸಿಕ್ಕ ಸೊಪ್ಪುಸದೆ, ಗೆಡ್ಡೆಗೆಣಸು ತಿಂದು ಆಮಶಂಕೆ ಹಿಡಿದವರು, ಗಂಜಿಕೇಂದ್ರಗಳಲ್ಲಿ ಕಿಕ್ಕಿರಿದು ಕಾಲರಾಕ್ಕೆ ತುತ್ತಾದವರು ಲೆಕ್ಕವಿಲ್ಲದಷ್ಟು. ಬತ್ತಿದ ಕೆರೆಯ ತಳದಲ್ಲಿ ಉಳಿದ ನೀರನ್ನೇ ಎಲ್ಲರೂ ಬಳಸಬೇಕು, ಸುತ್ತಲೇ ಎಲ್ಲರೂ ಬಹಿರ್ದೆಸೆಗೆ ಕೂರಬೇಕು. ಜೀವ ಉಳಿಸಲೆಂದು ಹೂಡಿದ ಗಂಜಿಯ ಒಲೆಯ ಬಳಿಯೇ ಸಾವು ಕಾದಿತ್ತು.

ಆಗಿನ ಆಳುವವರಿಗೂ ಕಾರಣ ಗೊತ್ತಿರಲಿಲ್ಲ. ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯ 1854ರಲ್ಲೇ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿಗೂ ಕಾಲರಾ ಸಾವುಗಳಿಗೂ ಇರುವ ನಂಟನ್ನು ಮನೆಮನೆ ತಿರುಗಿ ತೋರಿಸಿದ್ದ. ಆದರೂ ಬ್ರಿಟಿಷ್ ಭಾರತದ ನೈರ್ಮಲ್ಯ ಅಧಿಕಾರಿಗಳು ಕೆಟ್ಟ ಗಾಳಿ, ಕೆಟ್ಟ ನೆಲ, ಹವಾಮಾನಗಳ ಮೇಲೇ ಬಹುಕಾಲ ದೋಷ ಹೊರಿಸಿದರು. ಕಾಖ್‌ನ ವರದಿಯನ್ನು ಅವರಲ್ಲಿ ಹಲವರು ಒಪ್ಪಲಿಲ್ಲ. ನಮ್ಮವರು ಮಾರಿ ಎಂದರು, ಅವರು ಗಾಳಿ ಎಂದರು. ಗಾಳಿಯನ್ನು ದೂರಿದರೆ ಕೊಳವೆ ಹಾಕಿಸುವ ಖರ್ಚಿಲ್ಲ ಎಂಬುದು ಆ ವಾದಕ್ಕಿದ್ದ ದೊಡ್ಡ ಅನುಕೂಲ. ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆ ನೀರು ಬಂದದ್ದು 1896ರಲ್ಲಿ. ಹಳ್ಳಿಗಳು ಇನ್ನೂ ಬಹಳ ಕಾಲ ಕಾಯಬೇಕಾಯಿತು.

ಕಾಲರಾ ದೇಹದಲ್ಲಿ ಮಾಡುವುದೇನು ಎಂಬುದನ್ನು ಬಿಡಿಸಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ ಡೇ. ಜೀವಾಣುವನ್ನು ಸೋಸಿ ತೆಗೆದ ದ್ರವವೂ ಕರುಳಿನಿಂದ ನೀರು ಒಸರುವಂತೆ ಮಾಡುತ್ತದೆ ಎಂದು ಅವರು 1959ರಲ್ಲಿ ಪ್ರಕಟಿಸಿದರು. ಅಂದರೆ ಜೀವಾಣು ಕರುಳನ್ನು ತಿಂದುಹಾಕುವುದಿಲ್ಲ, ಒಂದು ನಂಜನ್ನು ಬಿಡುತ್ತದೆ. ಆ ನಂಜಿನಿಂದ ಮೈಯ ನೀರೂ ಉಪ್ಪೂ ಕರುಳಿಗೆ ಹರಿದು ಹೊರಹೋಗುತ್ತವೆ. ಭೇದಿ ಅಕ್ಕಚ್ಚಿನ ಹಾಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಕಣ್ಣು ಗುಳಿಬೀಳುತ್ತದೆ, ಚರ್ಮ ಸುಕ್ಕುಗಟ್ಟುತ್ತದೆ, ಮೂತ್ರ ನಿಲ್ಲುತ್ತದೆ. ರೋಗಿ ಸಾಯುವುದು ನೀರು ಬತ್ತಿ.

ಇದು ನೀರಿನ ಕಥೆ. ಅನ್ನದ ಕಥೆ ಸ್ವಲ್ಪ ಬೇರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಊಟದಿಂದ ಬರುವ ಕಾಯಿಲೆಗೆ ಕೊಳೆತ ವಸ್ತುವಿನಲ್ಲಿ ಹುಟ್ಟುವ ನಂಜೇ ಕಾರಣವೆಂದು ಯುರೋಪಿನ ವಿದ್ವಾಂಸರು ನಂಬಿದ್ದರು. ಹಳಸಿದ ವಾಸನೆ ಬಂದರೆ ಕೆಟ್ಟದ್ದು, ಬಾರದಿದ್ದರೆ ಒಳ್ಳೆಯದು. ನಾವೂ ಇಂದಿಗೂ ಪಾತ್ರೆಯ ಮುಚ್ಚಳ ತೆಗೆದು ಮೂಸಿಯೇ ತೀರ್ಮಾನಿಸುತ್ತೇವೆ. 1888ರಲ್ಲಿ ಜರ್ಮನಿಯ ಫ್ರಾಂಕನ್‌ಹೌಸನ್ ಎಂಬ ಊರಿನಲ್ಲಿ ಕಾಯಿಲೆಯ ಹಸುವಿನ ಮಾಂಸ ತಿಂದವರು ಹಾಸಿಗೆ ಹಿಡಿದು, ಒಬ್ಬ ತೀರಿಕೊಂಡ. ಆಗಸ್ಟ್ ಗಾರ್ಟ್ನರ್ ಎಂಬ ವಿಜ್ಞಾನಿ ಆ ಮಾಂಸದಲ್ಲಿಯೂ ಸತ್ತವನ ದೇಹದಲ್ಲಿಯೂ ಒಂದೇ ಜೀವಾಣುವನ್ನು ಕಂಡ. ಇಂದು ಸಾಲ್ಮೊನೆಲ್ಲಾ ಎನ್ನುವ ಬಳಗಕ್ಕೆ ಸೇರಿದ ಜೀವಾಣು ಅದು. ಅದಿದ್ದರೆ ಊಟ ನಾರಬೇಕೆಂದಿಲ್ಲ, ರುಚಿಗೆಡಬೇಕೆಂದೂ ಇಲ್ಲ.

ಇನ್ನೊಂದು ಪ್ರಯೋಗ ಅನ್ನದಾನ ಮಾಡುವವರೆಲ್ಲ ತಿಳಿದಿರಬೇಕಾದದ್ದು. ಫಿಲಿಪ್ಪೀನ್ಸಿನ ಒಂದು ಡೈರಿಯಲ್ಲಿ ಹಾಲು ಕುಡಿದವರಿಗೆ ಆಗಾಗ ವಾಂತಿಯಾಗುತ್ತಿತ್ತು. ಬಾರ್ಬರ್ ಎಂಬ ಸಂಶೋಧಕ ಒಂದು ಹಸುವಿನ ಕೆಚ್ಚಲಿನಲ್ಲಿ ಸೋಂಕಿರುವುದನ್ನು ಪತ್ತೆಮಾಡಿದ. ಅದೇ ಹಸುವಿನ ಹಾಲನ್ನು ಕರೆದ ಕೂಡಲೇ ಕುಡಿದರೆ ಏನೂ ಆಗುತ್ತಿರಲಿಲ್ಲ. ಕೆಲವು ಗಂಟೆ ಹೊರಗಿಟ್ಟು ಕುಡಿದರೆ ವಾಂತಿ. ತಾನೇ ಕುಡಿದು ಇದನ್ನು ಖಚಿತಪಡಿಸಿಕೊಂಡು 1914ರಲ್ಲಿ ಬರೆದ. ಹಸು ಒಂದೇ, ಹಾಲು ಒಂದೇ. ನಡುವೆ ಕಳೆದ ಹೊತ್ತು ಮಾತ್ರ ವ್ಯತ್ಯಾಸ. ಆ ಹೊತ್ತಿನಲ್ಲಿ ಸ್ಟಾಫಿಲೊಕಾಕಸ್ ಎಂಬ ಜೀವಾಣು ಬೆಳೆದು ನಂಜು ಬಿಟ್ಟಿತ್ತು. ಇದೇ ಜೀವಾಣು ಎಷ್ಟೋ ಜನರ ಮೂಗಿನಲ್ಲಿ, ಕೀವಾದ ಬೆರಳಿನಲ್ಲಿ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಹಿತವಾದ ಬೆಚ್ಚಗೆಯಲ್ಲಿ ಇಂಥ ಜೀವಾಣು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಏಳು ಗಂಟೆಯಲ್ಲಿ 21 ಸಲ ದುಪ್ಪಟ್ಟಾದರೆ ಒಂದೇ ಒಂದು ಜೀವಾಣು 20 ಲಕ್ಷ ದಾಟುತ್ತದೆ. ರಾತ್ರಿ ಎರಡು ಗಂಟೆಗೆ ಒಲೆಯಿಂದ ಇಳಿಸಿದ ಅನ್ನವನ್ನು ಮಧ್ಯಾಹ್ನ ಒಂದಕ್ಕೆ ಬಡಿಸಿದರೆ ನಡುವೆ ಇರುವುದು ಹನ್ನೊಂದು ಗಂಟೆ.

ಅನ್ನವನ್ನು ಬೇಯಿಸಿದ್ದೇವಲ್ಲ, ಜೀವಾಣು ಸಾಯುವುದಿಲ್ಲವೇ? ಎಲ್ಲವೂ ಸಾಯುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬುದು ಮಣ್ಣಿನಿಂದ ಅಕ್ಕಿಗೆ ಬಂದು ಗಟ್ಟಿ ಕವಚದ ಬೀಜಕವಾಗಿ ಕುಳಿತಿರುತ್ತದೆ. ಕುದಿಯುವ ನೀರಿಗೂ ಅದು ಜಗ್ಗುವುದಿಲ್ಲ. ಅನ್ನ ಉಗುರುಬೆಚ್ಚಗೆ ಆದಾಗ ಮೊಳೆತು ಬೆಳೆಯುತ್ತದೆ. ವಾಂತಿ ತರಿಸುವ ಅದರ ನಂಜು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನಕ್ಕೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದಾಕ್ಷಣ ಅದು ಹೊಸ ಅಡುಗೆಯಾಗುವುದಿಲ್ಲ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಎಂಬ ಇನ್ನೊಂದು ಬೀಜಕದ ಜೀವಾಣುವಿಗೆ ಗಾಳಿಯಾಡದ ಜಾಗ ಇಷ್ಟ. ದೊಡ್ಡ ಕೊಪ್ಪರಿಗೆಯ ನಡುಭಾಗದ ಸಾರು ಅದಕ್ಕೆ ಹೇಳಿಮಾಡಿಸಿದಂತಿರುತ್ತದೆ, ಏಕೆಂದರೆ ಅಲ್ಲಿ ಗಾಳಿಯಿಲ್ಲ, ಬಿಸಿ ಆರಲು ಗಂಟೆಗಟ್ಟಲೆ ಬೇಕು. ಮನೆಯ ಪಾತ್ರೆಗೂ ಜಾತ್ರೆಯ ಕೊಪ್ಪರಿಗೆಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಮನೆಯ ಸಾರು ಬೇಗ ಆರುತ್ತದೆ, ಬೇಗ ಖಾಲಿಯಾಗುತ್ತದೆ. ಸಾವಿರ ಜನರ ಸಾರು ಹಾಗಲ್ಲ. ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು ಎಂದು ಆಹಾರ ವಿಜ್ಞಾನ ಹೇಳುವುದು ಇದಕ್ಕೇ. ನಡುವಿನ ಬೆಚ್ಚಗೆ ಜೀವಾಣುವಿನ ತವರು.

ನಮ್ಮ ಅಜ್ಜಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಆದರೆ ಅವರ ಅಡುಗೆಮನೆಗೆ ಹೊತ್ತಿನ ಅರಿವಿತ್ತು. ಮುದ್ದೆಯನ್ನು ಬಿಸಿಬಿಸಿಯಾಗಿ ನುಂಗಬೇಕು. ತಂಗಳು ಬೇರೆ, ಹುಳಿ ಬರಿಸಿದ ಅಂಬಲಿ ಬೇರೆ. ಜಾತ್ರೆಗೆ ಗಾಡಿ ಕಟ್ಟುವಾಗ ಬುತ್ತಿಗೆ ಹುಳಿಯನ್ನವೋ ಮೊಸರನ್ನವೋ ಒಣರೊಟ್ಟಿ ಚಟ್ನಿಪುಡಿಯೋ ಇರುತ್ತಿತ್ತೇ ಹೊರತು ಬೇಳೆಸಾರು ಇರುತ್ತಿರಲಿಲ್ಲ. ಹುಣಸೆ, ಮೊಸರುಗಳ ಹುಳಿಯಲ್ಲಿ ಬಹುತೇಕ ಕೆಡುಕಿನ ಜೀವಾಣುಗಳು ಬೆಳೆಯಲಾರವು, ಒಣಗಿದ್ದರಲ್ಲಿ ನೀರಿಲ್ಲದೆ ಬೆಳೆಯಲಾರವು. ಮುಸುರೆ ಮುಟ್ಟಿದ ಕೈ ತೊಳೆಯಬೇಕು, ಉಂಡ ಎಲೆ ಎಸೆಯಬೇಕು ಎಂಬ ನಿಯಮಗಳಲ್ಲಿಯೂ ಹುರುಳಿದೆ.

ಆದರೆ ಮಡಿಯನ್ನು ಪೂರ್ತಿ ಹೊಗಳುವಂತಿಲ್ಲ. ಮಡಿ ಕೇಳುತ್ತಿದ್ದುದು ಮುಟ್ಟಿದವರು ಯಾರು ಎಂದು. ಮುಟ್ಟಿದ ಕೈ ತೊಳೆದಿದೆಯೇ ಎಂಬುದು ಆಮೇಲಿನ ಮಾತಾಗಿತ್ತು. ಬಾವಿಯ ಹತ್ತಿರ ಯಾವ ಜಾತಿಯವರು ಸುಳಿಯಬಾರದು ಎಂಬ ಕಟ್ಟಳೆ ಇತ್ತು, ಬಾವಿಗೆ ಯಾವ ಚರಂಡಿ ಇಳಿಯಬಾರದು ಎಂಬ ಕಟ್ಟಳೆ ಇರಲಿಲ್ಲ. ಜೀವಾಣು ಕುಲ ಕೇಳುವುದಿಲ್ಲ. ಮಡಿಯುಟ್ಟ ಅಡುಗೆಯವನ ಬೆರಳಿನ ಕೀವಿನಲ್ಲಿಯೂ ಅದು ಅಷ್ಟೇ ಸುಖವಾಗಿರುತ್ತದೆ.

ಊಟದ ಬಳಿಕ ಕಾಯಿಲೆ ಎಷ್ಟು ಹೊತ್ತಿಗೆ ಬಂತು ಎಂಬುದು ಕಾರಣ ಹುಡುಕುವವರಿಗೆ ಮೊದಲ ಸುಳಿವು. ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿಯಾದರೆ ಸ್ಟಾಫಿಲೊಕಾಕಸ್ ಅಥವಾ ಅನ್ನದ ಬ್ಯಾಸಿಲಸ್ ನಂಜಿನ ಅನುಮಾನ. ಎಂಟರಿಂದ ಹದಿನಾರು ಗಂಟೆಗೆ ಹೊಟ್ಟೆ ಹಿಂಡಿ ಭೇದಿಯಾದರೆ ಪರ್ಫ್ರಿಂಜನ್ಸ್. ಆರು ಗಂಟೆಯಿಂದ ಮೂರು ದಿನದೊಳಗೆ ಜ್ವರದ ಜೊತೆ ಭೇದಿಯಾದರೆ ಸಾಲ್ಮೊನೆಲ್ಲಾ. ಕಾಲರಾ ಕೆಲವು ಗಂಟೆಗಳಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಟೈಫಾಯಿಡ್ ತಲೆಯೆತ್ತಲು ಒಂದರಿಂದ ಮೂರು ವಾರ ಬೇಕು. ಆ ಹೊತ್ತಿಗೆ ಜಾತ್ರೆಯ ಊಟ ಯಾರಿಗೂ ನೆನಪಿರುವುದಿಲ್ಲ.

ಇನ್ನು ಮದ್ದಿನ ಕಥೆ. ಭೇದಿಯಾದವರಿಗೆ ನೀರು ಕೊಡಬಾರದು, ಹೊಟ್ಟೆ ಖಾಲಿ ಬಿಡಬೇಕು ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ವೈದ್ಯರಲ್ಲಿಯೂ ಇತ್ತು. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆತ ನೀರು ಕುಡಿಸಿ ಗುಣಪಡಿಸಿದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅವರು ಬಳಸಿದ ಎಲೆಯ ರಸ ನಮ್ಮ ಹಿತ್ತಲಿನ ದೊಡ್ಡಪತ್ರೆಯದು. ಜಗತ್ತು ಆಗ ಕಿವಿಗೊಡಲಿಲ್ಲ. ಮುಂದೆ ಗ್ಲೂಕೋಸ್ ಮತ್ತು ಸೋಡಿಯಂ ಕರುಳಿನಲ್ಲಿ ಒಂದರ ಕೈ ಒಂದು ಹಿಡಿದು ಒಳಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ ಎಂಬುದು ತಿಳಿಯಿತು. ಭೇದಿ ನಿಲ್ಲದಿದ್ದರೂ ಈ ದಾರಿ ತೆರೆದೇ ಇರುತ್ತದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಇದನ್ನು ರೋಗಿಗಳಲ್ಲಿ ತೋರಿಸಿದರು. 1971ರ ಬಾಂಗ್ಲಾ ಯುದ್ಧದಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ, ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವಿನ ಪ್ರಮಾಣ ನಾಲ್ಕಕ್ಕಿಂತ ಕೆಳಗಿಳಿಯಿತು. ಧಾತು ಬರದ ಗಂಜಿಕೇಂದ್ರಗಳಿಗೆ ಈ ತಿಳಿವಳಿಕೆ ತಲುಪಿದ್ದರೆ ಎಂದು ಯೋಚಿಸದೆ ಇರಲಾಗುವುದಿಲ್ಲ. ಉಪ್ಪೂ ಬೆಲ್ಲವೂ ಆಗಲೂ ಇದ್ದವು.

ಇಂದು ಪ್ರತಿ ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಅದು ಕೈಗೆ ಸಿಗುವವರೆಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾಗಬಾರದು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಬೇಕು. ಮಗುವಿಗೆ ಎದೆಹಾಲು ನಿಲ್ಲಿಸಬಾರದು, ಊಟ ನಿಲ್ಲಿಸಬಾರದು. ಮಕ್ಕಳ ಭೇದಿಗೆ ವೈದ್ಯರು ಸತುವಿನ ಮಾತ್ರೆಯನ್ನೂ ಕೊಡುತ್ತಾರೆ. ಮಲದಲ್ಲಿ ರಕ್ತ, ಹೆಚ್ಚು ಜ್ವರ, ಮೂತ್ರ ನಿಲ್ಲುವುದು, ಕಣ್ಣು ಗುಳಿಬೀಳುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೂಸುಗಳು, ಬಸುರಿಯರು, ಮುದುಕರ ವಿಷಯದಲ್ಲಿ ಇನ್ನೂ ಬೇಗ. ರಕ್ತಭೇದಿಗೆ, ಜ್ವರದ ಭೇದಿಗೆ ಅಂಗಡಿಯಿಂದ ಭೇದಿ ಕಟ್ಟುವ ಮಾತ್ರೆ ತಂದು ನುಂಗುವುದು ಅಪಾಯ.

ಮೈಸೂರು ಸಂಸ್ಥಾನ ಈ ದಾರಿಯಲ್ಲಿ ತಕ್ಕಮಟ್ಟಿಗೆ ಮುಂದಿತ್ತು. 1920ರ ದಶಕದ ಕೊನೆಯಿಂದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಸಾರ್ವಜನಿಕ ಆರೋಗ್ಯದ ಕೆಲಸ ನಡೆಯಿತು. 1930ರ ದಶಕದಲ್ಲಿ ಕ್ಲೋಸ್‌ಪೇಟೆ, ಅಂದರೆ ಇಂದಿನ ರಾಮನಗರ, ಹಳ್ಳಿಗಳ ಆರೋಗ್ಯ ಕೆಲಸಕ್ಕೆ ತರಬೇತಿ ಕೊಡುವ ಕೇಂದ್ರವಾಯಿತು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಕಲಬೆರಕೆ ತಡೆಗೆ 1954ರ ಕಾನೂನು ಬಂತು, ಅದರ ಜಾಗಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆ ಬಂತು. ಇಷ್ಟೆಲ್ಲ ಆದ ಮೇಲೂ ‘ಯಾರು ಮಾಡಿದರು?’ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಒಮ್ಮೊಮ್ಮೆ ಆ ಪ್ರಶ್ನೆ ಸರಿಯಾದದ್ದೇ ಆಗಿರುತ್ತದೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆಯ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದದಲ್ಲಿದ್ದದ್ದು ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ. ಅದು ನರಗಳ ಸಂದೇಶವನ್ನು ಕೆಡಿಸುತ್ತದೆ. ಬೇಗನೆ ಜೊಲ್ಲು ಸುರಿದು, ಬೆವರಿಳಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಉಸಿರು ಕಟ್ಟುತ್ತದೆ. ಉಪ್ಪು-ಸಕ್ಕರೆ ನೀರು ಇಲ್ಲಿ ಸಾಲದು. ಅಟ್ರೊಪಿನ್ ಬೇಕು, ಉಸಿರಾಟದ ಯಂತ್ರ ಬೇಕು. 2013ರಲ್ಲಿ ಬಿಹಾರದ ಗಂಡಾಮನ್ ಶಾಲೆಯ ಬಿಸಿಯೂಟದಲ್ಲಿ 23 ಮಕ್ಕಳನ್ನು ಕೊಂದದ್ದೂ ಇದೇ ವಿಷ.

ಸುಳ್ವಾಡಿಯಂಥದ್ದು ಅಪರೂಪ. ಆದರೆ ಅದರ ನೆರಳು ಉದ್ದ. 2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರು ವಾಂತಿಭೇದಿಯಿಂದ ಸತ್ತಾಗ, ನೀರಿಗೆ ಯಾರೋ ವಿಷ ಬೆರೆಸಿದ್ದಾರೆ ಎಂಬ ಮಾತು ಮೊದಲು ಹಬ್ಬಿತು. ಹೆಚ್ಚಾಗಿ ದಲಿತ ಕುಟುಂಬಗಳಿರುವ ಆ ಹಟ್ಟಿಯಲ್ಲಿ ಅಂಥ ಅನುಮಾನ ಸುಮ್ಮನೆ ಹುಟ್ಟುವುದಿಲ್ಲ. ಪ್ರಯೋಗಾಲಯದ ವರದಿಗಳು ಮಾತ್ರ ಕಾಲರಾ ಜೀವಾಣುವಿನ ಕಡೆ ಬೆರಳು ತೋರಿದವು. 2024ರ ಜೂನಿನಲ್ಲಿ ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ಬೆನ್ನಿಗೇ ವಾಂತಿಭೇದಿ ಹಬ್ಬಿ ಜೀವಗಳು ಹೋದವು. ಅನುಮಾನ ಮತ್ತೆ ಬಿದ್ದದ್ದು ಕುಡಿಯುವ ನೀರಿನ ಮೇಲೆಯೇ. ಕಾಖ್‌ನ ವರದಿಗೆ ಆಗ 140 ವರ್ಷ ತುಂಬಿತ್ತು.

ಮಾರಿ, ಗಾಳಿ, ವಿಷ ಹಾಕಿದವನು: ಈ ಮೂರು ಉತ್ತರಗಳಲ್ಲಿ ಒಂದು ಸಾಮ್ಯವಿದೆ. ಕಾರಣವನ್ನು ಅವು ನಮ್ಮಿಂದ ದೂರ ಇಡುತ್ತವೆ. ವಿಷ ಹಾಕಿದವನು ಸಿಕ್ಕಿದರೆ ಕಥೆ ಮುಗಿಯುತ್ತದೆ. ಚರಂಡಿಯ ಪಕ್ಕದಲ್ಲೇ ಒಡೆದ ಕೊಳವೆ ಸಿಕ್ಕಿದರೆ ಕಥೆ ಮುಗಿಯುವುದಿಲ್ಲ, ಆಗ ಪಂಚಾಯಿತಿ, ಇಲಾಖೆ, ಊರು ಎಲ್ಲರೂ ಉತ್ತರ ಕೊಡಬೇಕಾಗುತ್ತದೆ. ಯಾರೂ ಕೊಡದಿದ್ದಾಗ ದೂರು ಬಂದು ಬೀಳುವುದು ಒಲೆಯ ಮುಂದೆ ಬೆವರುವ ಅಡುಗೆಯವರ ಮೇಲೆ. ಶಾಲೆಯ ಬಿಸಿಯೂಟವನ್ನು ಶಿಕ್ಷಕರು ಮೊದಲು ರುಚಿ ನೋಡಬೇಕೆಂಬ ನಿಯಮ ಒಳ್ಳೆಯದು. ಔಷಧದ ವಾಸನೆಯಿದ್ದರೆ ಅದು ಹಿಡಿದುಕೊಟ್ಟೀತು. ಆದರೆ ಜೀವಾಣುವಿಗೂ ಅದರ ನಂಜಿಗೂ ರುಚಿಯಿಲ್ಲ. ಅದನ್ನು ಹಿಡಿಯಲು ನಾಲಿಗೆ ಸಾಲದು, ಗಡಿಯಾರ ಬೇಕು.

ಆದ್ದರಿಂದ ಜಾತ್ರೆಯ ಸಮಿತಿಯವರು, ದಾಸೋಹದವರು, ಮದುವೆಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳ. ನೀರು ಎಲ್ಲಿಂದ ಬಂತು? ಅದಕ್ಕೆ ಕ್ಲೋರಿನ್ ಹಾಕಿದ್ದಾರೆಯೇ? ಬಡಿಸುವವರಿಗೆ ಕೈ ತೊಳೆಯಲು ಸೋಪು ಇದೆಯೇ? ಬೆರಳಿಗೆ ಗಾಯವಾದವರನ್ನು ಇಂದು ಬೇರೆ ಕೆಲಸಕ್ಕೆ ಹಾಕಿದ್ದೇವೆಯೇ? ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಿದ್ದು ಎಷ್ಟು ಗಂಟೆಗೆ, ಕೊನೆಯ ಪಂಕ್ತಿ ಏಳುವುದು ಎಷ್ಟು ಗಂಟೆಗೆ? ಎರಡು ಗಂಟೆಗಿಂತ ಹೆಚ್ಚು ಅಂತರವಿದ್ದರೆ ಅನ್ನವನ್ನು ಒಮ್ಮೆಗೇ ಬೇಯಿಸದೆ ಪಂಕ್ತಿಗೆ ತಕ್ಕಂತೆ ಸಣ್ಣ ಪಾತ್ರೆಗಳಲ್ಲಿ ಮಾಡುವುದು ಲೇಸು. ಸೌದೆ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಅಡುಗೆಯವರು ಇಬ್ಬರು ಹೆಚ್ಚು ಬೇಕಾಗುತ್ತಾರೆ. ಬಿಸಿಯಾಗಿ ಬಡಿಸುವುದು ಉಪಚಾರವೆಂದು ಹಿರಿಯರು ಹೇಳಿದ್ದರು. ಉಂಡವರು ಸುಖವಾಗಿ ಮನೆ ಸೇರುವುದೂ ಅದೇ ಉಪಚಾರದಿಂದ.